ಖರೆ ಎಂಬುದನ್ನು ಖರೆ ಎಂದೇ ಬರೆಯಲು

ಕಳೆದ ಸಲದ ಸ್ಮರಣ ಸಂಚಿಕೆಯಲ್ಲಿ ನಾವು ಒಂದು ತಪ್ಪು ಮಾಡಿದೆವು. ಅದನ್ನು ಒಪ್ಪಿಕೊಳ್ಳದೆ ಈ ಸಂಚಿಕೆಯಲ್ಲಿ ಬೇರೆ ಮಾತಿಗೆ ಹೋಗುವುದು ಸರಿಯಲ್ಲ. ನಾರಾಯಣಖೇಡದ ಸಮೀಪದ ಹಳ್ಳಿಯೊಂದರಲ್ಲಿ ಅಜ್ಜಿಯೊಬ್ಬರು ಬೀಸುವ ಕಲ್ಲಿನ ಮುಂದೆ ಕುಳಿತು ಹಾಡುತ್ತಿದ್ದ ಪದಗಳನ್ನು ಅವರ ಮೊಮ್ಮಗಳು ಧ್ವನಿಮುದ್ರಿಸಿಕೊಂಡು, ಮೊಬೈಲಿನಲ್ಲಿಯೇ ಬರೆದು ನಮಗೆ ಕಳುಹಿಸಿದ್ದಳು. ನಾವು ಸಂತೋಷದಿಂದ ಎರಡು ಪುಟ ಕೊಟ್ಟು ಅಚ್ಚು ಮಾಡಿದೆವು. ಸಂಚಿಕೆ ಕೈಸೇರಿದ ದಿನ ಹುಡುಗಿ ಆ ಎರಡು ಪುಟಗಳನ್ನು ಅಜ್ಜಿಗೆ ಓದಿ ಹೇಳಿದಳು. ಅಜ್ಜಿ ಕೊನೆಯವರೆಗೂ ಕೇಳಿ, "ಚಲೋ ಅದ ಯವ್ವಾ. ಖರೆ ಇದು ನಮ್ಮ ಪದ ಅಲ್ಲ, ಸಾಲ್ಯಾಗ ಕಲಸೋ ಪದ ಇದ್ದಂಗ ಅದ" ಎಂದರಂತೆ.

ಆ ಮಾತು ನಮ್ಮ ಕಿವಿಗೆ ಬಿದ್ದ ಮೇಲೆ ಧ್ವನಿಮುದ್ರಣವನ್ನೂ ಅಚ್ಚಾದ ಪುಟವನ್ನೂ ಎದುರುಬದುರಿಟ್ಟುಕೊಂಡು ಕುಳಿತೆವು. ಅಜ್ಜಿ 'ಖರೆ' ಎಂದಲ್ಲಿ ನಮ್ಮ ಪುಟದಲ್ಲಿ 'ಕರೆ' ಎಂದಿತ್ತು. 'ಬ್ಯಾಳಿ' ಎಂದಲ್ಲಿ 'ಬಾಳೆ' ಬಂದು ಕುಳಿತಿತ್ತು. ಜ್ವಾಳ ಜೋಳವಾಗಿತ್ತು, ಹೊಂಟಾಳ ಎಂಬುದು ಹೊರಟಳು ಎಂದಾಗಿತ್ತು, ಹೊಲ್ದಾಗ ಎಂಬುದು ಹೊಲದಲ್ಲಿ ಎಂದಾಗಿತ್ತು. ಬೇಳೆ ಬೇಯಿಸುವ ಪದದೊಳಗೆ ಬಾಳೆ ಹೇಗೆ ಬಂತೆಂದು ಅಚ್ಚಿಗೆ ಮೊದಲು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲವೆಂಬುದು ನಮಗೆ ಇಂದಿಗೂ ನಾಚಿಕೆಯ ಸಂಗತಿ. ಹುಡುಗಿ ಹಾಗೆ ಬರೆದಿರಲಿಲ್ಲ. ಅರ್ಧ ಪದಗಳನ್ನು ಅವಳ ಮೊಬೈಲಿನ ಸಲಹೆಯ ಪಟ್ಟಿ ತಿದ್ದಿತ್ತು. ಉಳಿದರ್ಧವನ್ನು ನಮ್ಮ ಮೇಜಿನ ಮೇಲಿದ್ದ ಕಂಪ್ಯೂಟರಿನ ತಂತ್ರಾಂಶ, ನಮ್ಮ ಕಣ್ಣೆದುರಿಗೇ, ನಮ್ಮನ್ನು ಕೇಳದೆಯೇ ತಿದ್ದಿತ್ತು.

ಇದಿಷ್ಟೂ ನಡೆದ ಮೇಲೆ ಸಂಘದ ಸಭೆಯಲ್ಲಿ ಬಂದ ಪ್ರಸ್ತಾವವೇನೆಂದರೆ, ಈ ತೊಂದರೆ ಮತ್ತೆ ಬರಬಾರದಾದರೆ ಇನ್ನೂ ದೊಡ್ಡದಾದ, ಇನ್ನೂ 'ಬುದ್ಧಿಯುಳ್ಳ' ಒಂದು ಬರವಣಿಗೆಯ ಕಟ್ಟನ್ನು ತರಿಸಿ ಸಂಘದ ಎಲ್ಲ ಕಂಪ್ಯೂಟರುಗಳಿಗೂ ಹಾಕೋಣ. ಕಾಗುಣಿತ, ವ್ಯಾಕರಣ, ಪದಸೂಚನೆ, ಪುಟವಿನ್ಯಾಸ ಎಲ್ಲವೂ ಮೊದಲೇ ಸಿದ್ಧವಾಗಿ ಬರುತ್ತದೆ. ನಾವು ಬರೆದರಾಯಿತು, ಉಳಿದುದನ್ನು ಅದು ನೋಡಿಕೊಳ್ಳುತ್ತದೆ ಎಂಬುದು. ಪ್ರಸ್ತಾವ ಮುಂದಿಟ್ಟವರು ನಮ್ಮ ಆತ್ಮೀಯರೇ. ಆದರೂ ಅದನ್ನು ವಿರೋಧಿಸುವುದಕ್ಕಾಗಿಯೇ ಈ ಲೇಖನ. ಬೇಳೆ ಬಾಳೆಯಾದದ್ದು ತಂತ್ರಾಂಶದ ಬುದ್ಧಿ ಕಡಿಮೆಯಾದುದರಿಂದ ಅಲ್ಲ. ಅದರ ಬುದ್ಧಿ ಬೇರೆಯವರದಾಗಿತ್ತು, ಮತ್ತು ಅದು ಎಲ್ಲೆಲ್ಲಿ ಕೆಲಸ ಮಾಡುತ್ತಿದೆಯೆಂಬುದು ನಮಗೆ ತಿಳಿದಿರಲಿಲ್ಲ.

ಮಾತು ಮುಂದುವರಿಯುವ ಮೊದಲು, ಕಂಪ್ಯೂಟರಿನ ಗೊಡವೆಗೆ ಹೋಗದ ಹಿರಿಯರಿಗಾಗಿ ಒಂದು ವಿವರಣೆ. ಎಡಿಟರ್ ಎಂಬುದು ಅಕ್ಷರಗಳನ್ನು ಬರೆಯಲು, ಅಳಿಸಲು, ಹುಡುಕಲು, ಉಳಿಸಲು ಇರುವ ತಂತ್ರಾಂಶ. ನಮ್ಮ ಕಾಲದ ಟಾಕು, ದೌತಿ, ಕಾಗದ ಮೂರೂ ಸೇರಿದರೆ ಏನಾಗುತ್ತದೆಯೋ ಅದು. ವಿಐ ಎಂಬ ಎಡಿಟರ್ ಮತ್ತು ಈಮ್ಯಾಕ್ಸ್ ಎಂಬ ಎಡಿಟರ್ ಎರಡೂ ಹುಟ್ಟಿದ್ದು 1976ರಲ್ಲಿ. ಮೊದಲನೆಯದು ಬಿಲ್ ಜಾಯ್ ಅವರದು, ಎರಡನೆಯದು ರಿಚರ್ಡ್ ಸ್ಟಾಲ್ಮನ್ ಅವರದು. ಆ ಕಾಲದ ಕಂಪ್ಯೂಟರುಗಳು ಮ್ಯೂಸಿಯಮ್ ಸೇರಿ ಎಷ್ಟೋ ವರ್ಷಗಳಾದರೂ ಈ ಎರಡರ ಸಂತತಿ ಇಂದಿಗೂ ಜೀವಂತವಾಗಿದೆ. ಅದಕ್ಕೊಂದು ಕಾರಣ, ಬರೆಯುವವನು ತನಗೆ ಬೇಕಾದಂತೆ ಅವುಗಳನ್ನು ಬದಲಿಸಿಕೊಳ್ಳಬಹುದೆಂಬುದು. ಒಂದು ಚಿಕ್ಕ ಕಡತದಲ್ಲಿ ನಾಲ್ಕು ಸಾಲು ಬರೆದಿಟ್ಟರೆ ಎಡಿಟರ್ ಪ್ರತಿಸಲ ತೆರೆದಾಗಲೂ ಆ ನಾಲ್ಕು ಸಾಲುಗಳನ್ನು ಓದಿ, ಹಾಗೆಯೇ ನಡೆದುಕೊಳ್ಳುತ್ತದೆ. ಈ ಸಾಲುಗಳನ್ನು ಬರೆಯಲು ಎಲ್ಲರಿಗೂ ಪುರುಸೊತ್ತಿಲ್ಲವಾದ್ದರಿಂದ, ಉತ್ಸಾಹಿಗಳು ಸಾವಿರಾರು ಸಾಲುಗಳನ್ನು ಮೊದಲೇ ಬರೆದು, ಬಣ್ಣ ಬಳಿದು, ಒಂದು ಸಿದ್ಧ ಕಟ್ಟನ್ನಾಗಿ ಮಾಡಿ ಹಂಚುತ್ತಾರೆ. ತಂದು ಹಾಕಿದ ಕ್ಷಣದಿಂದ ಎಲ್ಲವೂ ಇರುತ್ತದೆ, ಬೇಡವಾದುದೂ ಇರುತ್ತದೆ.

ಕಳೆದ ಸಂಚಿಕೆಯ ಕೆಲಸಕ್ಕೆ ನಾವು ಬಳಸಿದ್ದು ಇಂಥದೊಂದು ಕಟ್ಟನ್ನು. ಹೈದರಾಬಾದಿನಲ್ಲಿ ಕೆಲಸ ಮಾಡುವ ನಮ್ಮ ತರುಣನೊಬ್ಬ ಪ್ರೀತಿಯಿಂದ ಹಾಕಿಕೊಟ್ಟಿದ್ದ. ಅದರ ಹೆಸರು ಇಲ್ಲಿ ಬೇಡ. ಮೊದಲ ದಿನ ಅದನ್ನು ನೋಡಿ ಬೆರಗಾದೆವು. ಕಪ್ಪು ಹಿನ್ನೆಲೆ, ಕೆಳಗೊಂದು ಬಣ್ಣದ ಪಟ್ಟಿ, ಎಡಗಡೆ ಕಡತಗಳ ಮರ, ಎರಡಕ್ಷರ ಬರೆದರೆ ಮೂರನೆಯದನ್ನು ಊಹಿಸುವ ಕಿಟಕಿ. ಎರಡನೆಯ ವಾರದಿಂದ ತೊಡಕುಗಳು ಕಾಣಿಸತೊಡಗಿದವು. ಅದರ ಅಕ್ಷರರೂಪ ಇಂಗ್ಲಿಷಿನ ಒಂದೇ ಅಗಲದ ಅಕ್ಷರಗಳಿಗಾಗಿ ಆಯ್ದದ್ದು. ಕನ್ನಡ ಬಂದಾಗ ಬೇರೆ ಯಾವುದೋ ಅಕ್ಷರರೂಪವನ್ನು ಎಳೆದು ತರುತ್ತಿತ್ತು, ಅದರ ಅಳತೆ ಹೊಂದುತ್ತಿರಲಿಲ್ಲ. ಸಾಲುಗಳ ನಡುವಿನ ಅಂತರ ಎಷ್ಟು ಕಿರಿದೆಂದರೆ 'ಶಾಸ್ತ್ರ', 'ರಾಷ್ಟ್ರ' ಎಂಬಲ್ಲಿ ಒತ್ತಕ್ಷರದ ಪಾದ ಕತ್ತರಿಸಿಹೋಗುತ್ತಿತ್ತು. ಇಂಗ್ಲಿಷ್ ಕಾಗುಣಿತದ ಪರೀಕ್ಷಕನಿಗೆ ನಮ್ಮ ಇಡೀ ಲೇಖನವೇ ತಪ್ಪು, ಪುಟದ ತುಂಬ ಕೆಂಪು ಗೆರೆ. ಇವೆಲ್ಲ ಕಣ್ಣಿಗೆ ಕಾಣುವ ತೊಡಕುಗಳು, ಸಹಿಸಿಕೊಳ್ಳಬಹುದು. ಕಾಣದ ತೊಡಕೊಂದಿತ್ತು.

ಯೂನಿಕೋಡ್ ಕನ್ನಡದಲ್ಲಿ ಕಣ್ಣಿಗೆ ಕಾಣಿಸದ ಎರಡು ಗುರುತುಗಳು ಬಳಕೆಯಾಗುತ್ತವೆ. ಒಂದು ಅಕ್ಷರಗಳನ್ನು ಕೂಡಿಸುವುದು, ಇನ್ನೊಂದು ಬಿಡಿಸುವುದು. 'ಸಾಫ್ಟ್‌ವೇರ್' ಎಂದು ಬರೆಯುವಾಗ ಟ ಅಕ್ಷರದ ಕೆಳಗೆ ವ ಒತ್ತಾಗಿ ಇಳಿಯದಂತೆ ತಡೆಯುವುದು ಬಿಡಿಸುವ ಗುರುತು. 'ರ‍್ಯಾಂಕ್' ಎಂಬಲ್ಲಿ ರಕಾರ ಅರ್ಕಾವತ್ತಾಗಿ ಹಿಂದಕ್ಕೆ ಹೋಗದೆ ತನ್ನ ಸ್ಥಾನದಲ್ಲಿಯೇ ನಿಲ್ಲುವಂತೆ ಮಾಡುವುದು ಕೂಡಿಸುವ ಗುರುತು. ನಮ್ಮ ಸಿದ್ಧ ಕಟ್ಟು ಪ್ರತಿಸಲ ಕಡತ ಉಳಿಸುವಾಗಲೂ 'ಕಸ ಗುಡಿಸುವ' ಒಂದು ಕೆಲಸ ಮಾಡುತ್ತಿತ್ತು. ಅನಗತ್ಯವಾದ ಖಾಲಿ ಜಾಗಗಳನ್ನು, ಕಾಣದ ಗುರುತುಗಳನ್ನು ತೆಗೆದುಹಾಕುವುದು. ಪ್ರೋಗ್ರಾಮ್ ಬರೆಯುವವರಿಗೆ ಅದು ಉಪಕಾರ. ನಮಗೆ ಅದು ಏನು ಮಾಡಿತೆಂದರೆ, ಸಂಚಿಕೆಯ ಎಲ್ಲ ಲೇಖನಗಳಿಂದಲೂ ಆ ಎರಡು ಗುರುತುಗಳನ್ನು ಗುಡಿಸಿ ಹಾಕಿತು. ಕರಡು ತಿದ್ದುವಾಗ ಒಂದೊಂದು ಪುಟದಲ್ಲಿಯೂ ವಿಚಿತ್ರ ಒತ್ತಕ್ಷರಗಳು ಕಂಡವು. ನಾವು ತಿದ್ದಿ ಉಳಿಸಿದೆವು. ಉಳಿಸಿದ ಕೂಡಲೇ ಅದು ಮತ್ತೆ ಗುಡಿಸಿತು. ಮೂರು ರಾತ್ರಿ ಹೀಗೆಯೇ ಕಳೆದವು. ಯಾವ ಸೆಟ್ಟಿಂಗ್ ಇದನ್ನು ಮಾಡುತ್ತಿದೆಯೆಂದು ಹುಡುಕಲು ಹೋದರೆ, ಕಡತದೊಳಗೊಂದು ಕಡತ, ಅದರೊಳಗಿನ್ನೊಂದು. ಎಲ್ಲಿಯೂ ತಳ ಸಿಗಲಿಲ್ಲ. ಹಾಕಿಕೊಟ್ಟ ತರುಣನಿಗೂ ಸಿಗಲಿಲ್ಲ. ಅವನು ಅದನ್ನು ಬರೆದವನಲ್ಲ, ತಂದವನಷ್ಟೇ.

ಕೊನೆಗೆ ಒಂದು ಭಾನುವಾರ ಎಲ್ಲವನ್ನೂ ಕಿತ್ತುಹಾಕಿದೆವು. ಬರಿಯ ಈಮ್ಯಾಕ್ಸ್, ಖಾಲಿ ಸೆಟ್ಟಿಂಗ್ ಕಡತ. ತೆರೆದಾಗ ಬಿಳಿಯ ಹಾಳೆಯೊಂದೇ. ಮನೆ ಖಾಲಿ ಮಾಡಿದ ಮೇಲೆ ನಮ್ಮ ಮಾತು ನಮಗೇ ಪ್ರತಿಧ್ವನಿಸುವಂತೆ ಆ ಹೊತ್ತಿಗೆ ಅನಿಸಿತು. ಆಮೇಲೆ ಒಂದು ನಿಯಮ ಮಾಡಿಕೊಂಡೆವು: ಯಾವುದಾದರೂ ಸೌಕರ್ಯ ಇಲ್ಲದೆ ಮೂರು ಸಲ ಕೆಲಸ ಕೆಟ್ಟರೆ ಮಾತ್ರ ಅದನ್ನು ಸೇರಿಸುವುದು, ಸೇರಿಸುವ ಪ್ರತಿ ಸಾಲಿನ ಮೇಲೂ ಅದು ಏನು ಮಾಡುತ್ತದೆ, ಏಕೆ ಬೇಕಾಯಿತು ಎಂದು ಕನ್ನಡದಲ್ಲಿ ಒಂದು ಸಾಲು ಟಿಪ್ಪಣಿ ಬರೆಯುವುದು. ಟಿಪ್ಪಣಿ ಬರೆಯಲು ಬಾರದಿದ್ದರೆ ಆ ಸಾಲು ನಮಗೆ ಅರ್ಥವಾಗಿಲ್ಲವೆಂದೇ ಲೆಕ್ಕ, ಅದು ಒಳಗೆ ಬರಕೂಡದು.

ಹೀಗೆ ಉಳಿದದ್ದು ಎಷ್ಟು ಕಡಿಮೆಯೆಂದು ಕೇಳಿದರೆ ನಗು ಬಂದೀತು. ಎಲ್ಲ ಕಡತಗಳೂ ಯೂನಿಕೋಡಿನಲ್ಲಿಯೇ ಉಳಿಯಬೇಕೆಂಬ ಒಂದು ಸಾಲು. ಕನ್ನಡ ಬಂದಾಗ ಇಂಥ ಅಕ್ಷರರೂಪವನ್ನೇ, ಇಷ್ಟೇ ದೊಡ್ಡದಾಗಿ ಬಳಸಬೇಕೆಂಬ ಇನ್ನೊಂದು. ಒತ್ತಕ್ಷರದ ಪಾದ ಉಳಿಯಲು ಸಾಲುಗಳ ನಡುವೆ ಅಂತರ. ಸಾಲು ಉದ್ದವಾದರೆ ಕಿಟಕಿಯ ಅಂಚಿನಲ್ಲಿ ಪದ ಮುರಿಯದೆ ಕೆಳಗಿಳಿಯುವುದು. ಉಳಿಸುವಾಗಲೆಲ್ಲ ಹಳೆಯ ಪ್ರತಿಯೊಂದು ಬೇರೆ ಕಡೆ ಇರುವುದು. ನಮ್ಮೂರಿನ ಕರೆಂಟಿನ ವಿಷಯ ಬಲ್ಲವರಿಗೆ ಇದರ ಕಾರಣ ಹೇಳಬೇಕಾಗಿಲ್ಲ. ಆ ಕಾಣದ ಎರಡು ಗುರುತುಗಳನ್ನು ತಿಳಿ ಬಣ್ಣದ ಚುಕ್ಕೆಯಾಗಿ ತೋರಿಸುವ ಎರಡು ಸಾಲು, ನಮಗೆ ಅತ್ಯಂತ ಪ್ರಿಯವಾದದ್ದು ಇದೇ. ಕೊನೆಯದಾಗಿ ಒಂದು ಪದಪಟ್ಟಿ, ಅದರ ವಿಷಯ ಮುಂದೆ ಹೇಳುತ್ತೇವೆ. ಟಿಪ್ಪಣಿಗಳನ್ನು ಬಿಟ್ಟರೆ ಇಡೀ ಕಡತ ಒಂದೇ ಪುಟ. ಅದನ್ನು ಮುದ್ರಿಸಿ ಸಂಘದ ಕೊಠಡಿಯ ಗೋಡೆಗೆ ಅಂಟಿಸಿದ್ದೇವೆ. ಎಡಿಟರ್ ವಿಚಿತ್ರವಾಗಿ ನಡೆದುಕೊಂಡರೆ ಗೋಡೆ ನೋಡಿದರೆ ಸಾಕು.

ಇದನ್ನು ಕೇಳಿದ ಕೆಲವರು, "ಇದೆಲ್ಲ ಇಂಗ್ಲಿಷ್ ಬಲ್ಲ ಪ್ರೋಗ್ರಾಮರುಗಳ ಷೋಕಿ, ಕನ್ನಡಕ್ಕೂ ಇದಕ್ಕೂ ಏನು ಸಂಬಂಧ" ಎಂದರು. ಸಂಬಂಧವಿದೆ. ಕಂಪ್ಯೂಟರಿನಲ್ಲಿ ಕನ್ನಡದ ಇತಿಹಾಸವನ್ನು ನೋಡಿದರೆ, ನಿಂತು ಬಾಳಿದ ಕೆಲಸಗಳೆಲ್ಲ ಚಿಕ್ಕದಾದ, ಒಬ್ಬಿಬ್ಬರು ತಮ್ಮ ಅಗತ್ಯವನ್ನು ಚೆನ್ನಾಗಿ ಅರಿತು ಕಟ್ಟಿದ ಕೆಲಸಗಳೇ. ಕಿನ್ನಿಕಂಬಳ ಪದ್ಮನಾಭ ರಾವ್, ಎಂದರೆ ಕೆ. ಪಿ. ರಾವ್ ಅವರು ಕನ್ನಡಕ್ಕೆ ಕೀಲಿಮಣೆ ರೂಪಿಸಲು ಕುಳಿತಾಗ ಅವರ ಮುಂದಿದ್ದ ಪ್ರಶ್ನೆ ಕಠಿಣವಾದದ್ದು. ಕನ್ನಡದ ಕಾಗುಣಿತ, ಒತ್ತಕ್ಷರಗಳನ್ನೆಲ್ಲ ಎಣಿಸಿದರೆ ರೂಪಗಳು ಸಾವಿರಗಟ್ಟಲೆ. ಕೀಲಿಮಣೆಯಲ್ಲಿ ಅಕ್ಷರದ ಕೀಲಿಗಳು 26. ಅವರು ಒಂದೊಂದು ರೂಪಕ್ಕೂ ಒಂದೊಂದು ಕೀಲಿ ಹುಡುಕಲು ಹೋಗಲಿಲ್ಲ. ಮೂಲಾಕ್ಷರಗಳಿಗೆ ಮಾತ್ರ ಕೀಲಿ ಕೊಟ್ಟು, ಅಕ್ಷರಗಳನ್ನು ಒಂದಕ್ಕೊಂದು ಬೆಸೆಯಲು ಎಫ್ ಎಂಬ ಒಂದು ಕೀಲಿಯನ್ನು ಇಟ್ಟರು. ಅ, ಕ, ಬೆಸುಗೆ, ಮತ್ತೆ ಕ ಎಂದು ಒತ್ತಿದರೆ 'ಅಕ್ಕ'. ಉಳಿದ ರೂಪಗಳನ್ನು ಕೂಡಿಸುವುದು ಯಂತ್ರದ ಕೆಲಸ. ಹಿರಿಯ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನು ತಮ್ಮ ತಂತ್ರಾಂಶಕ್ಕಿಟ್ಟು ಅದನ್ನು ಉಚಿತವಾಗಿ ಹಂಚಿದರು. ಮುಂದೆ ಕರ್ನಾಟಕ ಸರ್ಕಾರ ಅಂಗೀಕರಿಸಿದ್ದು ಈ ವಿನ್ಯಾಸವನ್ನೇ. ಕನ್ನಡ ಗಣಕ ಪರಿಷತ್ತಿನ 'ನುಡಿ'ಯಲ್ಲಿ ಬಂದದ್ದೂ ಅದೇ. ಇಂದು ನಮ್ಮ ಒಂದು ಪುಟದ ಸೆಟ್ಟಿಂಗಿನಲ್ಲಿ ಕೀಲಿಮಣೆಗೆ ಒಂದು ಸಾಲೂ ಇಲ್ಲ, ಏಕೆಂದರೆ ರಾಯರ ವಿನ್ಯಾಸ ಲಿನಕ್ಸಿನಲ್ಲಿಯೇ ಉಚಿತವಾಗಿ ದೊರೆಯುತ್ತದೆ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು 'ಬರಹ' ಹೊರತಂದದ್ದೂ ಒಬ್ಬ ವ್ಯಕ್ತಿಯ ಶ್ರಮದಿಂದಲೇ. ಹೊರನಾಡಿನ ಎಷ್ಟು ಸಂಘಗಳ ಸ್ಮರಣ ಸಂಚಿಕೆಗಳು ಅದರ ಋಣದಲ್ಲಿವೆಯೆಂಬುದನ್ನು ಲೆಕ್ಕ ಹಾಕಲಾಗದು. ನಮ್ಮ ಸಂಘವೂ ಆ ಋಣಿಗಳ ಸಾಲಿನಲ್ಲಿದೆ.

ಋಣವನ್ನು ನೆನೆಯುತ್ತಲೇ ಇನ್ನೊಂದು ಕಹಿ ಸಂಗತಿಯನ್ನೂ ಹೇಳಬೇಕು. ಯೂನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡದ ಅಕ್ಷರರೂಪಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗಿದ್ದವು. ಇದ್ದ 256 ಸ್ಥಾನಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಲಾಗುತ್ತಿತ್ತು. ತೆರೆಯ ಮೇಲೆ ಕಾಣುವುದು ಕನ್ನಡ, ಕಡತದೊಳಗಿರುವುದು ಚುಕ್ಕೆ ಗೆರೆ ಹೊತ್ತ ರೋಮನ್ ಅಕ್ಷರ. ಅದು ಆ ಕಾಲದ ಯಂತ್ರಗಳ ಮಿತಿ, ಯಾರ ತಪ್ಪೂ ಅಲ್ಲ. ಆದರೆ ಆ ಅಕ್ಷರರೂಪ ಇಲ್ಲದ ಕಂಪ್ಯೂಟರಿನಲ್ಲಿ ಅಂಥ ಕಡತ ತೆರೆದರೆ ಕನ್ನಡವೇ ಇರುವುದಿಲ್ಲ. ನಮ್ಮ ಸಂಘದ ಹಳೆಯ ಸಂಚಿಕೆಗಳ ಸಿ.ಡಿ.ಗಳು ಕಪಾಟಿನಲ್ಲಿವೆ. ಅವುಗಳಲ್ಲಿ ಒಬ್ಬ ಹಿರಿಯರು ನಿಜಾಮರ ಕಾಲದ ತಮ್ಮ ಶಾಲೆಯ ದಿನಗಳನ್ನು ಕುರಿತು ಬರೆದ ಲೇಖನದ ಪೂರ್ಣಪಾಠವಿದೆ. ಅಚ್ಚಿನಲ್ಲಿ ಅದು ಅರ್ಧಕ್ಕರ್ಧ ಕಡಿತಗೊಂಡಿತ್ತು. ಆ ಹಿರಿಯರು ಈಗಿಲ್ಲ. ಪುಟವಿನ್ಯಾಸದ ಯಾವುದೋ ಸಿದ್ಧ ಕಟ್ಟಿನ ಕಡತವದು. ಆ ಕಟ್ಟು ಇಂದು ಯಾವ ಯಂತ್ರದಲ್ಲಿಯೂ ನಡೆಯುತ್ತಿಲ್ಲ. ಅಕ್ಷರಗಳನ್ನು ಮಾತ್ರ ಹೇಗಾದರೂ ಹೊರತೆಗೆದು ಯೂನಿಕೋಡಿಗೆ ತಿರುಗಿಸಬೇಕೆಂದು ನಮ್ಮಲ್ಲಿ ಇಬ್ಬರು ಪ್ರಯತ್ನಿಸುತ್ತಿದ್ದಾರೆ, ಇಲ್ಲಿಯವರೆಗೆ ನಾಲ್ಕು ಪುಟ ಓದಲು ಬಂದಿದೆ. ಅವರು ಅಂದು ಅದನ್ನು ಕೈಯಲ್ಲಿ ಬರೆದ ಕಾಗದವೇ ಸಿಕ್ಕಿದ್ದರೆ ಅರ್ಧ ಗಂಟೆಯ ಕೆಲಸವಾಗಿತ್ತು. 'ಎಲ್ಲವೂ ಇರುವ' ಇನ್ನೊಂದು ಕಟ್ಟನ್ನು ತರೋಣವೆನ್ನುವವರು ಒಮ್ಮೆ ಆ ಕಪಾಟಿನ ಮುಂದೆ ನಿಂತು ಯೋಚಿಸಬೇಕು. ಬರಿಯ ಪಠ್ಯದ ಕಡತವನ್ನು ಯಾವ ಎಡಿಟರಿನಲ್ಲಿಯೂ ತೆರೆಯಬಹುದು, ಇಂದಿನದರಲ್ಲಿ, ನಾಳಿನದರಲ್ಲಿ, ಪಕ್ಕದ ಮನೆಯ ಹುಡುಗನ ಹಳೆಯ ಲ್ಯಾಪ್‌ಟಾಪಿನಲ್ಲಿ ಸಹ.

ಯೂನಿಕೋಡ್ ಎಂದರೂ ಅದೇನು ದೇವರ ಕೃತಿಯಲ್ಲ. ಅಲ್ಲಿ ಹಳಗನ್ನಡದ 'ೞ' ಅಕ್ಷರಕ್ಕೆ 'ಫ' ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಅವರ ನಿಯಮವಾದ್ದರಿಂದ, ಪಕ್ಕದಲ್ಲೊಂದು ಸರಿಯಾದ ಅಡ್ಡಹೆಸರು ಸೇರಿಸಿ ಕೈಬಿಟ್ಟಿದ್ದಾರೆ. ಪಂಪನ ಕಾವ್ಯವನ್ನು ಓದಿದವರು ನಕ್ಕು ಸುಮ್ಮನಾಗಬೇಕಷ್ಟೇ. ಆದರೆ ಈ ತಪ್ಪು ಬಹಿರಂಗವಾಗಿ ದಾಖಲಾಗಿದೆ, ಯಾರು ಬೇಕಾದರೂ ನೋಡಬಹುದು, ಅಕ್ಷರವನ್ನಂತೂ ಅದು ಕೆಡಿಸುವುದಿಲ್ಲ. ನಮ್ಮ ಮೇಜಿನ ಮೇಲಿದ್ದ ಕಟ್ಟು 'ಖರೆ'ಯನ್ನು 'ಕರೆ' ಮಾಡಿದ್ದು ಎಲ್ಲಿಯೂ ದಾಖಲಾಗಿರಲಿಲ್ಲ.

ಈಗ ಪದಪಟ್ಟಿಯ ವಿಷಯ. ಸಿದ್ಧವಾಗಿ ಬರುವ ಕನ್ನಡದ ಪದಕೋಶಗಳು ಪತ್ರಿಕೆ, ಪಠ್ಯಪುಸ್ತಕ, ಜಾಲದ ಬರಹಗಳಿಂದ ಹೆಕ್ಕಿದವು. ಅವುಗಳಲ್ಲಿ ಎದ್ದು ಕಾಣುವುದು ಬೆಂಗಳೂರು ಮೈಸೂರಿನ ಶಿಷ್ಟ ಕನ್ನಡ. ಆ ಕನ್ನಡವನ್ನು ನಾವೂ ಬರೆಯುತ್ತೇವೆ. ಈ ಲೇಖನವೇ ಅದಕ್ಕೆ ಸಾಕ್ಷಿ. ಆದರೆ ನ್ಯಾಲಕಲ್ಲಿನ ರೈತ ಮಾತಾಡುವುದು, ಝರಾಸಂಗಮದ ಜಾತ್ರೆಯಲ್ಲಿ ಕೇಳಿಬರುವುದು, ಮನೂರು ಕಂಗ್ಟಿಗಳ ಕಡೆಯ ಮನೆಗಳಲ್ಲಿ ಎಳ್ಳಮಾವಾಸ್ಯೆಯ ಭಜ್ಜಿ ಕುದಿಯುವಾಗ ಆಡುವುದು ಆ ಕನ್ನಡವಲ್ಲ. 'ಮಾಡ್ಲತ್ತಾನ' ಎಂಬುದಕ್ಕೆ ಕೆಂಪು ಗೆರೆ, 'ಹೊಂಟೀನಿ' ಎಂಬುದಕ್ಕೆ ಕೆಂಪು ಗೆರೆ, 'ಪುಂಡಿಪಲ್ಯ'ಕ್ಕೂ ಕೆಂಪು ಗೆರೆ. ಉರ್ದುವಿನಿಂದ ಬಂದು ನಮ್ಮದೇ ಆದ ಮಾತುಗಳು, ತೆಲುಗಿನ ನೆರಳಿರುವ ಮಾತುಗಳು, ಮರಾಠಿಯ ಗಾಳಿ ತಾಗಿದ ಮಾತುಗಳು, ಎಲ್ಲಕ್ಕೂ ಅದೇ ಗತಿ. ಕೆಂಪು ಗೆರೆಯನ್ನು ದಿನಕ್ಕೆ ನೂರು ಸಲ ಕಾಣುವ ಹುಡುಗಿಗೆ ತನ್ನ ಅಜ್ಜಿಯ ಮಾತು ತಪ್ಪೆಂಬ ಭಾವ ಹುಟ್ಟುವುದಕ್ಕೆ ಯಾವ ಮಾಸ್ತರರೂ ಬೇಕಾಗಿಲ್ಲ. ಶಾಲೆಯಲ್ಲಿ ತೆಲುಗು ಮತ್ತು ಇಂಗ್ಲಿಷ್ ಕಲಿತು, ಕನ್ನಡವನ್ನು ಮನೆಯಲ್ಲಿ ಕಿವಿಯಿಂದ ಮಾತ್ರ ಕಲಿತ ನಮ್ಮ ಮಕ್ಕಳಿಗೆ ಕನ್ನಡ ಬರೆಯಲು ಸಿಗುವ ಏಕೈಕ ಗುರು ಈ ಸಲಹೆಯ ಪಟ್ಟಿಯೇ ಆಗಿದ್ದರೆ, ಅವರು ಕಲಿಯುವುದು ಯಾರ ಕನ್ನಡ?

ಆದುದರಿಂದ ನಾವು ಸಿದ್ಧ ಪದಕೋಶವನ್ನು ತೆಗೆದುಹಾಕಿ, ನಮ್ಮದೇ ಒಂದು ಬರಿಯ ಪಠ್ಯದ ಕಡತ ತೆರೆದೆವು. ಒಂದು ಸಾಲಿಗೆ ಒಂದು ಪದ. ಯಾರಾದರೂ ಆಡಿದ್ದನ್ನು ಕಿವಿಯಾರೆ ಕೇಳಿದರೆ ಮಾತ್ರ ಸೇರಿಸುವುದು. ಎಡಿಟರ್ ಈ ಪಟ್ಟಿಯಿಂದ ಏನನ್ನೂ ತಿದ್ದುವುದಿಲ್ಲ. ಪಟ್ಟಿಯಲ್ಲಿಲ್ಲದ ಪದ ಬಂದರೆ ತಿಳಿಯಾಗಿ ಗುರುತು ಮಾಡಿ ತೋರಿಸುತ್ತದೆ, ನಿರ್ಧಾರ ಕುಳಿತವರದು. ತಪ್ಪಾದರೆ ತಿದ್ದುತ್ತೇವೆ, ಹೊಸ ಪದವಾದರೆ ಪಟ್ಟಿಗೆ ಸೇರುತ್ತದೆ. ತಾಂಡೂರಿನ ಕಲ್ಲಿನ ಗಣಿಗಳಲ್ಲಿ ದುಡಿದ ಒಬ್ಬರು ಬಂಡೆಯ ಪದರುಗಳಿಗೆ ತಾವು ಹೇಳುವ ಹೆಸರುಗಳನ್ನು ಒಂದು ಸಂಜೆ ಬರೆಸಿ ಹೋದರು. ಅವು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಕೆಂಪು ಗೆರೆ ಎಳೆಯುತ್ತಿದ್ದ ಯಂತ್ರ ಈಗ ನಮ್ಮನ್ನು ಪದ ಕೇಳಲು ಹಚ್ಚಿದೆ.

ಬಲವಾದ ಆಕ್ಷೇಪಗಳಿಗೆ ಉತ್ತರಿಸದಿದ್ದರೆ ವಾದ ಪೂರ್ಣವಾಗದು. ಹೀಗೆ ತಮ್ಮ ತಮ್ಮ ಸೆಟ್ಟಿಂಗ್ ಕಟ್ಟಿಕೊಳ್ಳಲು ಹೊರಟವರು ಕಟ್ಟುತ್ತಲೇ ಉಳಿದು ಬರೆಯುವುದನ್ನೇ ಮರೆಯುತ್ತಾರೆ ಎಂದರು ನಮ್ಮ ಖಜಾಂಚಿಗಳು. ಮಾತು ಸತ್ಯ. ನಮ್ಮಲ್ಲಿ ಒಬ್ಬರು ಎರಡು ತಿಂಗಳು ಬಣ್ಣ ಬದಲಿಸುತ್ತಲೇ ಕಳೆದರು, ಒಂದು ಪುಟ ಬರೆಯಲಿಲ್ಲ. ಹೊಲ ಹದವಾಗಿ ಕಾದಿರುವಾಗ ಕೂರಿಗೆಗೆ ಬಣ್ಣ ಬಳಿಯುತ್ತ ಕುಳಿತವನ ಕಥೆ ಅದು. ಒಂದೇ ಪುಟವೆಂಬ ಮಿತಿಯನ್ನು ಹಾಕಿಕೊಂಡದ್ದು ಈ ರೋಗಕ್ಕಾಗಿಯೇ. ಹೊಸ ಸಾಲು ಬೇಕೆಂದರೆ ಹಳೆಯದೊಂದನ್ನು ತೆಗೆಯಬೇಕು. ಆಗ ಬಯಕೆ ತಾನಾಗಿ ತಗ್ಗುತ್ತದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ಎಪ್ಪತ್ತು ದಾಟಿದವರು, ಈಗಷ್ಟೇ ಕನ್ನಡ ಬರೆಯಲು ತೊಡಗಿದ ಮಕ್ಕಳು ಇವರಿಗೆಲ್ಲ ಈ ಪಾಡು ಏಕೆ? ಮೊದಲು ಹೇಗಾದರೂ ಬರೆಯಲಿ ಎಂಬುದು. ಇದನ್ನು ನಾವು ಒಪ್ಪುತ್ತೇವೆ. ಮೊಬೈಲಿನಲ್ಲಿ ಬರೆಯಲಿ, ಮಾತಾಡಿ ಬರೆಸಲಿ, ಕಾಗದದ ಮೇಲೆ ಬರೆದು ಕೊಡಲಿ, ಎಲ್ಲವೂ ಸ್ವಾಗತವೇ. ಸಿದ್ಧ ಕಟ್ಟು ಹೊಸಬರಿಗೆ ಕಾಪಿ ಪುಸ್ತಕವಿದ್ದಂತೆ. ಅಕ್ಷರ ತಿದ್ದಲು ಒಳ್ಳೆಯದು. ನಮ್ಮ ಜಗಳ ಸಂಪಾದಕರ ಮೇಜಿಗೆ ಸಂಬಂಧಿಸಿದ್ದು. ಹತ್ತು ಜನರ ಮಾತನ್ನು ಅಚ್ಚಿಗೆ ಕಳುಹಿಸುವ ಹೊಣೆ ಹೊತ್ತವರು ತಮ್ಮ ಕೈಯಲ್ಲಿರುವ ಉಪಕರಣ ಏನು ಮಾಡುತ್ತದೆಂದು ತಿಳಿಯದೆ ಕುಳಿತರೆ ಅದು ಸೌಕರ್ಯವಲ್ಲ, ಅಲಕ್ಷ್ಯ. ಕೂರಿಗೆ ಮಾಡಿಕೊಡುವ ಬಡಿಗರು ಮೊದಲು ಹೊಲದ ಮಣ್ಣು, ಬಿತ್ತುವ ಬೀಜ, ಸಾಲಿನ ಅಂತರ ಕೇಳುತ್ತಿದ್ದರು. ತೊಗರಿಯ ಕೂರಿಗೆಯಿಂದ ಸಜ್ಜೆ ಬಿತ್ತುವ ರೈತ ಈ ಸೀಮೆಯಲ್ಲಿ ಯಾರೂ ಇರಲಿಲ್ಲ.

ಒಬ್ಬರಿಗೆ ಹೊಂದುವುದು ಇನ್ನೊಬ್ಬರಿಗೆ ಹೊಂದದು, ಹಾಗಾದರೆ ಸಂಘದ ಕೆಲಸ ಒಬ್ಬ ವ್ಯಕ್ತಿಯ ಕೈಯಲ್ಲಿ ಸಿಕ್ಕಿಬೀಳುವುದಿಲ್ಲವೇ ಎಂದೂ ಕೇಳಿದರು. ಗೋಡೆಯ ಮೇಲಿನ ಆ ಒಂದು ಪುಟವೇ ಉತ್ತರ. ಸಾವಿರಾರು ಸಾಲಿನ ಸಿದ್ಧ ಕಟ್ಟನ್ನು ಯಾರೂ ಓದಲಾರರು. ಕನ್ನಡ ಟಿಪ್ಪಣಿಯಿರುವ ಒಂದು ಪುಟವನ್ನು ಮುಂದಿನ ಸಂಪಾದಕರು ಚಹ ಕುಡಿಯುವಷ್ಟು ಹೊತ್ತಿನಲ್ಲಿ ಓದಿ, ಬೇಡವಾದುದನ್ನು ಅಳಿಸಬಹುದು.

ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟು ಕಾವೇಕೆಂದು ಬೆಂಗಳೂರಿನ ಓದುಗರು ಕೇಳಿದರೆ ತಪ್ಪಿಲ್ಲ. ಅವರ ಮಾತು ಯಂತ್ರದಲ್ಲಿ ಮೊದಲೇ ಇದೆ. ನಮ್ಮ ಸ್ಥಿತಿ ಬೇರೆ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಅಂದಿನ ಬೀದರ ಜಿಲ್ಲೆಯ ನಾರಾಯಣಖೇಡ ತಾಲೂಕು, ನಿರ್ಣಾ ಸರ್ಕಲ್ಲನ್ನು ಬಿಟ್ಟು ಉಳಿದ ಜಹೀರಾಬಾದ್ ತಾಲೂಕು, ನ್ಯಾಲಕಲ್ ಸರ್ಕಲ್ ಆಂಧ್ರಪ್ರದೇಶಕ್ಕೆ ಸೇರಿದವು. ಗುಲಬರ್ಗಾ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲೂಕುಗಳೂ ಹಾಗೆಯೇ. 2014ರಲ್ಲಿ ತೆಲಂಗಾಣ ಬಂತು, 2016ರಲ್ಲಿ ಜಿಲ್ಲೆಗಳು ಬದಲಾಗಿ ನಾವು ಸಂಗಾರೆಡ್ಡಿಯವರಾದೆವು, ತಾಂಡೂರಿನವರು ವಿಕಾರಾಬಾದಿನವರಾದರು. ತೆಲುಗು ನಮ್ಮ ನೆರೆಯ ಮಾತಷ್ಟೇ ಅಲ್ಲ, ನಮ್ಮ ಮಕ್ಕಳ ಅನ್ನದ ಮಾತು. ಅದರ ಮೇಲೆ ನಮಗೆ ಯಾವ ದೂರೂ ಇಲ್ಲ. ಈ ಸೀಮೆಗೆ ಸಮೀಪದ ಮಳಖೇಡದಿಂದ ಆಳಿದ ರಾಷ್ಟ್ರಕೂಟರ ಕಾಲದ 'ಕವಿರಾಜಮಾರ್ಗ' ಕಾವೇರಿಯಿಂದ ಗೋದಾವರಿಯವರೆಗಿನ ಕನ್ನಡ ನಾಡನ್ನು ಹೇಳುತ್ತದೆಂದು ನಮ್ಮ ಸಮ್ಮೇಳನಗಳಲ್ಲಿ ಪ್ರತಿಸಲವೂ ನೆನೆಯುತ್ತೇವೆ. ಅದೇ ಗ್ರಂಥ ಕನ್ನಡದೊಳಗಿನ ದೇಸಿ ಭೇದಗಳು ಲೆಕ್ಕಕ್ಕೆ ಸಿಗದಷ್ಟಿವೆ ಎಂಬುದನ್ನೂ ಒಪ್ಪಿಕೊಂಡಿದೆಯೆಂಬುದನ್ನು ವೇದಿಕೆಯ ಮೇಲೆ ನೆನೆಯುವವರು ಕಡಿಮೆ. ಒಂಬತ್ತನೆಯ ಶತಮಾನದ ಗ್ರಂಥಕ್ಕೆ ಕಂಡದ್ದು ಇಂದಿನ ಸಿದ್ಧ ಕಟ್ಟಿಗೆ ಕಾಣುವುದಿಲ್ಲ.

ಸಭೆಯ ಪ್ರಸ್ತಾವ ಇನ್ನೂ ತೀರ್ಮಾನವಾಗಿಲ್ಲ. ಈ ಸಮ್ಮೇಳನದ ಎರಡನೆಯ ದಿನ ಸರ್ವಸದಸ್ಯರ ಮುಂದೆ ಬರಲಿದೆ. ಕೊಳ್ಳಬೇಕೆಂದಿರುವ ಹಣದಿಂದ ಹಳೆಯ ಸಿ.ಡಿ.ಗಳಲ್ಲಿರುವ ಬರಹಗಳನ್ನು ಯೂನಿಕೋಡಿಗೆ ತಿರುಗಿಸುವ ಕೆಲಸವನ್ನು ಪೂರೈಸಬೇಕೆಂದು ನಾವು ಕೇಳಿಕೊಳ್ಳುತ್ತೇವೆ. ಮುಂದಿನ ಸಂಚಿಕೆಗೆ ಬರುವ ಎಲ್ಲ ಲೇಖನಗಳನ್ನೂ ಬರಿಯ ಪಠ್ಯದ ಕಡತದಲ್ಲಿಯೇ ಇಟ್ಟುಕೊಳ್ಳುವುದು, ತಿದ್ದಿದ ಪ್ರತಿಯೊಂದು ಪದವನ್ನೂ ಬರೆದವರಿಗೆ ತೋರಿಸಿ ಒಪ್ಪಿಗೆ ಪಡೆಯುವುದು, ಹಾಡು ಗಾದೆಗಳನ್ನು ಹಾಡಿದವರಿಗೆ ಓದಿ ಕೇಳಿಸದೆ ಅಚ್ಚಿಗೆ ಕಳುಹಿಸದಿರುವುದು, ಇವಿಷ್ಟನ್ನು ನಿಯಮವಾಗಿ ಬರೆಯಬೇಕೆಂಬುದು ನಮ್ಮ ಬೇಡಿಕೆ. ಊಟದ ಪಂಗ್ತಿಯ ಪಕ್ಕದಲ್ಲಿ ಒಂದು ಮೇಜಿನ ಮೇಲೆ ನೋಟ್‌ಬುಕ್ ಮತ್ತು ಪೆನ್ನು ಇಟ್ಟಿರುತ್ತೇವೆ. ನಿಮ್ಮ ಮನೆಯಲ್ಲಿ ಮಾತ್ರ ಕೇಳಿಬರುವ ಪದಗಳನ್ನು ಅದರಲ್ಲಿ ಬರೆಯಿರಿ. ಬರೆಯಲು ಬಾರದವರು ಅಲ್ಲಿ ಕುಳಿತ ಹುಡುಗಿಗೆ ಹೇಳಿರಿ, ಅವಳು ಬರೆದುಕೊಳ್ಳುತ್ತಾಳೆ. ಬೀಸುವ ಪದಗಳ ಆ ಎರಡು ಪುಟಗಳನ್ನು ಅಜ್ಜಿಯಿಂದ ಕೇಳಿ ತಿದ್ದಿ ಈ ಸಂಚಿಕೆಯ ಕೊನೆಯಲ್ಲಿ ಮತ್ತೆ ಅಚ್ಚು ಮಾಡಿದ್ದೇವೆ. ಈ ಸಲ ಅಚ್ಚಿಗೆ ಮೊದಲೇ ಅವರಿಗೆ ಓದಿ ಹೇಳಿದೆವು. ಎರಡು ಕಡೆ ತಡೆದು, ಮೂರನೆಯ ಪದದಲ್ಲಿ ಒಂದು ಮಾತನ್ನು ತಾವೇ ತಪ್ಪಾಗಿ ಹಾಡಿದ್ದಾಗಿ ಹೇಳಿ ಬದಲಿಸಿದರು.